ವಿದ್ಯೆ ಚೆಲ್ಲಿದ ದಾರಿ

ಪಿರಿಯಾಪಟ್ಟಣದ ತಾಲ್ಲೂಕಿನಲ್ಲಿ, ಕಂಪಲಾಪುರದ ಆಚೆಗೆ ಗಾಡಿದಾರಿ ಹಿಡಿದು ಹೋದರೆ ಕುಳ್ಳಯ್ಯನಕೊಪ್ಪಲು ಅಂತ ಒಂದು ಊರು. ಮೈಸೂರಿಗಿನ್ನೂ ಮಹಾರಾಜರಿದ್ದ ಕಾಲದಲ್ಲಿ ಆ ಊರಿನ ಮಕ್ಕಳನ್ನು ಹರದಾರಿ ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಬೇರೆ ಊರಿನ ಮಕ್ಕಳು ಇಸ್ಕೂಲು ಬಿಟ್ಟ ಕೂಡಲೇ ಹಗ್ಗ ಕಿತ್ತ ಕರುಗಳ ಹಾಗೆ ಓಡುತ್ತವೆ. ಈ ಊರಿನವು ಓಡುತ್ತಿರಲಿಲ್ಲ. ಕತ್ತು ನೆಟ್ಟಗೆ, ಕಣ್ಣು ಮುಂದಕ್ಕೆ, ಒಂದರ ಹಿಂದೊಂದು ಸಾಲಾಗಿ, ಉಸಿರು ಬಿಗಿಹಿಡಿದು ಮನೆಗೆ ನಡೆಯುತ್ತಿದ್ದವು. ಅಷ್ಟೇ ಆಗಿದ್ದರೆ ಶಿಸ್ತು ಅಂತ ಹೊಗಳಿ ಸುಮ್ಮನಾಗಬಹುದಿತ್ತು. ಆದರೆ ಪ್ರತಿ ಮಗುವಿನ ತಲೆಯ ಮೇಲೂ ನೀರು ಹೊರುವ ಹೆಂಗಸರು ಇಟ್ಟುಕೊಳ್ಳುವಂಥ ಬಟ್ಟೆಯ ಸಿಂಬೆ, ಸಿಂಬೆಯ ನಡುವೆ ಒಂದು ಹಸಿ ಹೊಂಗೆ ಎಲೆ! ಕೊಡ ಎಲ್ಲಿ ಅಂತೀರಾ? ಕೊಡ ಅಂದರೆ ಆ ತಲೆಯೇ. ಒಳಗಿದ್ದದ್ದು ವಿದ್ಯೆ.

ಇದನ್ನೆಲ್ಲ ಶುರುಮಾಡಿದವರು ವೀರಭದ್ರಸ್ವಾಮಿ ಮೇಷ್ಟ್ರು. ಕೆಟ್ಟವರೇನಲ್ಲ, ಶಿವ ಶಿವಾ, ಹಾಗನ್ನಬಾರದು. ಬೆತ್ತ ಮುಟ್ಟಿದವರಲ್ಲ, ಒಂದು ಮಗುವಿಗೂ ಕತ್ತೆ ಅಂದವರಲ್ಲ. ಆದರೆ ಮನುಷ್ಯನ ಮನಸ್ಸಿನಲ್ಲಿ ಒಂದು ಭಯ ಬೇರು ಬಿಟ್ಟರೆ ಅದು ಎಂಥೆಂಥ ಕಾಯಿ ಬಿಡುತ್ತದೆ ಅನ್ನುವುದನ್ನು ಇವರಲ್ಲೇ ನೋಡಬೇಕು.

ಮೇಷ್ಟ್ರು ಹುಡುಗರಾಗಿದ್ದಾಗ ಹುಣಸೂರಿಗೆ ದೊಡ್ಡ ಪರೀಕ್ಷೆ ಕಟ್ಟಲು ಹೋಗಿದ್ದರು. ಹಿಂದಿನ ದಿನ ಸಂಜೆಯೊಳಗೆ ಎಲ್ಲ ಬಾಯಿಪಾಠ ಆಗಿತ್ತು. ತುಸು ಗಾಳಿ ಕುಡಿಯೋಣ ಅಂತ ಹೊರಗೆ ಬಂದರೆ, ಅಮೃತಮಹಲಿನ ಒಂದು ಹೋರಿ ಅದೇನು ಕಂಡಿತೋ, ಬಾಲ ಎತ್ತಿ ಇವರ ಮೇಲೇ ಬಂತು. ಮರದ ಡಿಪೋವರೆಗೂ ಅಟ್ಟಾಡಿಸಿತು. ಬೆಳಿಗ್ಗೆ ಪರೀಕ್ಷೆಗೆ ಕೂತರೆ ತಲೆಯಲ್ಲಿ ಒಂದಕ್ಷರ ಇಲ್ಲ. ಹೆದರಿಕೆಗೆ ನೀನು ಮರೆತೆ ಕಣಪ್ಪ ಅಂತ ಹೇಳುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಇವರೇ ಯೋಚಿಸಿ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು. ಓಡುವಾಗ ತಲೆ ಕುಲುಕಿದೆ, ಕುಲುಕಿ ವಿದ್ಯೆಯೆಲ್ಲ ಚೆಲ್ಲಿಹೋಗಿದೆ. ಆ ಪರೀಕ್ಷೆ ಹೋದದ್ದು ಹೋಯಿತು, ಮತ್ತೆ ಕೈಗೆ ಸಿಗಲಿಲ್ಲ. ಅವತ್ತಿನಿಂದ ಮೇಷ್ಟ್ರು ಓಡಿದವರಲ್ಲ. ಹೌದು ಅನ್ನಲೂ ತಲೆ ಆಡಿಸುತ್ತಿರಲಿಲ್ಲ, ಕಣ್ಣು ಮುಚ್ಚಿ ತೆಗೆಯುತ್ತಿದ್ದರು.

ಅವರಿಗೆ ಒಬ್ಬನೇ ಮಗ, ಬೆಟ್ಟಸ್ವಾಮಿ. ಮಗ ಹುಣಸೂರಿನ ಮಿಡ್ಲ್ ಸ್ಕೂಲಿಗೆ ಹೋಗಬೇಕು, ತಾನು ಕಳೆದುಕೊಂಡದ್ದನ್ನು ಅವನು ಗೆಲ್ಲಬೇಕು. ಮೇಷ್ಟ್ರಿಗೆ ಈ ಜನ್ಮದಲ್ಲಿ ಬೇರೆ ಆಸೆ ಇರಲಿಲ್ಲ. ಅದಕ್ಕೆ ತನಿಖೆಗೆ ಬರುವ ಇನ್‌ಸ್ಪೆಕ್ಟರು ಬಾಯಲ್ಲಿ ಕೇಳಿದ ಲೆಕ್ಕಕ್ಕೆ ಹುಡುಗ ಬಾಯಲ್ಲೇ ಉತ್ತರ ಹೇಳಿ ಭೇಷ್ ಅನ್ನಿಸಿಕೊಳ್ಳಬೇಕು. ತಪ್ಪಿದರೆ ಸಾಲಿಗ್ರಾಮದಲ್ಲಿ ಸೋದರಮಾವನ ಹುಣಸೆಹಣ್ಣಿನ ಅಂಗಡಿ ಕಾದಿತ್ತು. ಅಲ್ಲಿ ಗೋಣಿತಾಟಿನ ಮೇಲೆ ಬೆಳಗಿಂದ ಬೈಗಿನವರೆಗೆ ಕೂತಿರುವುದೇ ಕೆಲಸ. ಹೋದ ಸಲದ ತನಿಖೆಯಲ್ಲಿ ಹುಡುಗ ಬಾಯಿ ಬಿಟ್ಟಿರಲಿಲ್ಲ. ಬರುವ ತನಿಖೆಯೇ ಕೊನೆ ಅಂತ ಮಾವ ಹೇಳಿ ಕಳಿಸಿದ್ದ.

ಮೇಷ್ಟ್ರು ತಮ್ಮ ಮಗನನ್ನು ಅಲ್ಲಾಡದಂತೆ ಬೆಳೆಸಿದರು. ಊರಿನ ತಾಯಂದಿರು ನೋಡಿದರು. ಮೇಷ್ಟ್ರೇ ತಮ್ಮ ಮಗನಿಗೆ ಹೀಗೆ ಮಾಡುತ್ತಿದ್ದಾರೆ ಅಂದಮೇಲೆ ಏನೋ ಮರ್ಮ ಇರಬೇಕು! ಅಲ್ಲದೆ ಚೆಲ್ಲುವ ಸಂಗತಿ ಈ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದಿನಾ ಕೆರೆಯಿಂದ ನೀರು ಹೊರುವವರು. ತಲೆಗೆ ಸಿಂಬೆ ಬೇಕು, ನೀರಿನ ಮೇಲೆ ಎರಡು ಎಲೆ ಹಾಕಿದರೆ ನೀರು ಕುಲುಕುವುದಿಲ್ಲ, ಇದು ಅವರಿಗೆ ಗೊತ್ತಿದ್ದ ವಿದ್ಯೆ. ಚೆಲುವಮ್ಮ ಅನ್ನುವವಳು ಒಂದು ಬೆಳಿಗ್ಗೆ ತನ್ನ ಮಗನ ತಲೆಗೆ ಸಿಂಬೆ ಇಟ್ಟು ನಡುವೆ ಹೊಂಗೆ ಎಲೆ ಸಿಕ್ಕಿಸಿ ಕಳಿಸಿದಳು. ಮೇಷ್ಟ್ರು ನೋಡಿದರು, ಬೆರಗಾದರು. ಇಷ್ಟು ವರ್ಷ ನನಗೇ ಹೊಳೆಯಲಿಲ್ಲವಲ್ಲ ಅಂತ ಹಲುಬಿದರು. ವಾರ ಕಳೆಯುವುದರೊಳಗೆ ಊರ ಹೊಂಗೆ ಮರದ ಕೆಳಗಿನ ಕೊಂಬೆಗಳು ಬೋಳಾದವು.

ಸಂಜೆಯ ಆಟ ನಿಂತಿತು. ಮಕ್ಕಳು ಮನೆಗೆ ಬಂದು ಗೋಡೆಗೆ ಒರಗದಂತೆ ಕೂರುತ್ತಿದ್ದವು. ಒಂದು ಮಗು ಸೀನಿದರೆ ತಾಯಿ ಓಡಿಬಂದು, "ಏನು ಹೋಯ್ತು ನೋಡ್ಕಳ್ಲಾ, ಮಗ್ಗಿ ಐತಾ?" ಅಂತ ಗಾಬರಿಯಾಗುತ್ತಿದ್ದಳು. ಮಗ್ಗಿ ಇರುತ್ತಿರಲಿಲ್ಲ. ದಿನದಿಂದ ದಿನಕ್ಕೆ ಮಕ್ಕಳು ಮಂಕಾಗುತ್ತ ಹೋದವು. ಎರಡು ಸಲ ಕೂಗಿದರೆ ಒಂದು ಸಲ ಓಗೊಡುತ್ತಿದ್ದವು, ಎರಡೆರಡಲ ಎಷ್ಟು ಅಂದರೆ ಸೂರು ನೋಡುತ್ತಿದ್ದವು. ಆಟ ಬಿಡಿಸಿದ್ದರಿಂದ ಹೀಗಾಯಿತೇನೋ ಅಂತ ಒಬ್ಬರಾದರೂ ಅಂದುಕೊಂಡರೇ? ಊಹೂಂ. ಇನ್ನೂ ಎಲ್ಲೋ ಸೋರುತ್ತಿದೆ ಅಂತ ಮೇಷ್ಟ್ರು ಹೇಳಿದರು. ಎಲೆ ಒಂದಿದ್ದದ್ದು ಎರಡಾಯಿತು. ಪಟೇಲ ಚನ್ನಬಸವಣ್ಣನವರ ಎಮ್ಮೆ ಕೊಟ್ಟಿಗೆಯ ಅಗುಳಿಯನ್ನು ತಾನೇ ಮೂತಿಯಿಂದ ತೆಗೆಯಲು ಕಲಿತಾಗಲಂತೂ, ಇಸ್ಕೂಲಿನ ದಾರಿಯಲ್ಲಿ ಚೆಲ್ಲಿದ್ದನ್ನು ಮೇದಿದೆ ಅಂತ ಊರೆಲ್ಲ ಗುಲ್ಲಾಯಿತು.

ಇಸ್ಕೂಲಿನಲ್ಲಿ ಸಿಂಬೆ ಇಲ್ಲದ ತಲೆ ಒಂದೇ ಒಂದು. ಅದು ಅಂಕಯ್ಯನ ಮಗಳು ಪುಟ್ಟಸಿದ್ದಮ್ಮನದು. ಅಂಕಯ್ಯನದು ರಟ್ಟೆ ಮುರಿದು ದುಡಿಯುವ ಮನೆ. ಇಸ್ಕೂಲು ಬಿಟ್ಟಮೇಲೆ ಹುಡುಗಿ ಕೆರೆ ಅಂಗಳದಲ್ಲಿ ಕುರಿ ಕಾಯಬೇಕು. ಕುರಿ ತಲೆ ಅಲ್ಲಾಡಿಸಬೇಡ ಅಂತ ಹೇಳಿದರೆ ಕೇಳುತ್ತದೆಯೇ? ಕುರಿ ಹಿಂದೆ ಓಡಿ, ಅವು ಮೇವಿಗೆ ನಿಂತಾಗ ದನ ಕಾಯುವ ಹುಡುಗರ ಜೊತೆ ಚಡುಗುಡು ಆಡಿ, ಚಿನ್ನಿದಾಂಡು ಆಡಿ, ಮೈತುಂಬ ಧೂಳು ಮೆತ್ತಿಕೊಂಡು ಮನೆಗೆ ಬರುವವಳು. ಇಸ್ಕೂಲಿನಲ್ಲಿ ಮೇಷ್ಟ್ರು ಲೆಕ್ಕ ಹೇಳಿ ಬಾಯಿ ಮುಚ್ಚುವುದರೊಳಗೆ ಇವಳ ಉತ್ತರ ಬಂದಿರುತ್ತಿತ್ತು.

ಒಂದು ದಿನ ಮೇಷ್ಟ್ರು ಅವಳನ್ನು ಹತ್ತಿರ ಕರೆದರು. "ಎಲ್ಲಿ ಕಲಿತೆಯಮ್ಮಾ ಇದನ್ನ?"

"ಕೆರೆ ಅಂಗಳದಲ್ಲಿ ಕಣ್ ಮೇಷ್ಟ್ರೇ," ಅಂದಳು. "ಚಿನ್ನಿ ಚಿಮ್ಮಿದ್ ಮೇಲೆ ಅದು ಎಷ್ಟು ದಾಂಡಿನ ದೂರ ಬಿದ್ದದೆ ಅಂತ ಕಣ್ಣಲ್ಲೇ ಅಳ್ದು ಕೇಳ್ಬೇಕು. ಜಾಸ್ತಿ ಕೇಳುದ್ರೆ ಅಳೆದು ನೋಡಿ ಎಲ್ಲಾ ಕಿತ್ಕತ್ತಾರೆ. ಕಮ್ಮಿ ಕೇಳುದ್ರೆ ನಮ್ಗೇ ಲುಕ್ಸಾನು. ಬಿರ್ರನೆ ಲೆಕ್ಕ ಏಳ್ಬೇಕು. ಅಂಗೇ ಬತ್ತದೆ."

ಬಂಗಾರದಂಥ ಮಾತು. ಮೇಷ್ಟ್ರ ಕಿವಿಗೆ ಬಿದ್ದದ್ದು ಮಾತ್ರ ಕೆರೆ ಅಂಗಳ ಅನ್ನುವ ಒಂದೇ ಪದ. ಕೆರೆ ಎಲ್ಲಿದೆ? ಊರಿನ ತಗ್ಗಿನಲ್ಲಿ. ಚೆಲ್ಲಿದ್ದು ಎಲ್ಲಿಗೆ ಹರಿಯುತ್ತದೆ? ತಗ್ಗಿಗೆ! ಊರ ಮಕ್ಕಳು ಚೆಲ್ಲಿದ ವಿದ್ಯೆಯೆಲ್ಲ ಹರಿದು ಹೋಗಿ ಕೆರೆ ಅಂಗಳದಲ್ಲಿ ನಿಂತಿದೆ, ಈ ಹುಡುಗಿ ಬರಿಗಾಲಲ್ಲಿ ಅದರ ಮೇಲೆ ಓಡಾಡಿ ಓಡಾಡಿ ಅಂಟಿಸಿಕೊಂಡುಬಿಟ್ಟಿದ್ದಾಳೆ.

ಈ ಮಾತು ಹೊರಗೆ ಬಿದ್ದದ್ದೇ ತಡ, ಪಟೇಲರ ಜಗಲಿಯ ಮೇಲೆ ಪಂಚಾಯ್ತಿ ಸೇರಿತು. ಚೆಲುವಮ್ಮ ಸೆರಗು ಸಿಕ್ಕಿಸಿಕೊಂಡು ನಿಂತಳು. "ನಮ್ಮ ಮಗಂಗೆ ಆರರ ಮಗ್ಗಿ ಬತ್ತಿತ್ತು ಕಣ್ರೀ. ಈಗಿಲ್ಲ. ಎಲ್ಲೋಯ್ತು? ಅಗೋ, ಈ ಎಣ್ಣಿನ ಬಾಯಲ್ಲದೆ! ನಮ್ದು ನಮ್ಗೆ ಕೊಡ್ಸಿ."

ಅಂಕಯ್ಯನಿಗೆ ರೇಗಿತು. "ಬೀದೀಲಿ ಬಿದ್ದಿದ್ದ ಸಗಣಿ ಎತ್ಕಂಡ್ರೆ ಯಾರೂ ಕೇಳಾಕಿಲ್ಲ, ಮಗ್ಗಿ ಎತ್ಕಂಡ್ರೆ ಪಂಚಾಯ್ತಿಯಾ? ನಿಮ್ಮ ಮಕ್ಳು ಭದ್ರವಾಗಿ ಇಟ್ಕಳ್ಳಾಕಾಗ್ದೆ ಚೆಲ್ಕಂಡ್ರೆ ನನ್ನ ಮಗಳು ಏನ್ ಮಾಡ್ತಾಳೆ?"

ಪಟೇಲರು ಮೀಸೆ ಸವರಿಕೊಂಡು ನ್ಯಾಯ ಹೇಳಿದರು. ಎತ್ತಿಕೊಂಡದ್ದು ಕಳ್ಳತನವಲ್ಲ, ಆದರೆ ವಾರಸುದಾರರು ಕೇಳಿದಾಗ ವಾಪಸು ಕೊಡುವುದು ಧರ್ಮ. ಹುಡುಗಿ ಇನ್ನುಮೇಲೆ ಇಸ್ಕೂಲಿನ ಒಳಗೆ ಕೂರಕೂಡದು, ಹೊರ ಜಗಲಿಯಲ್ಲಿ ಕೂರಬೇಕು. ಸಂಜೆ ಮನೆಮನೆಗೆ ಹೋಗಿ ಆಯಾ ಮಗುವಿನ ಮಗ್ಗಿಯನ್ನು ಅದರ ಕಿವಿಗೇ ಹೇಳಿ ಬರಬೇಕು.

ಪುಟ್ಟಸಿದ್ದಿಗೆ ನ್ಯಾಯ ಅನ್ಯಾಯದ ಚಿಂತೆ ಇರಲಿಲ್ಲ, ಆಟಕ್ಕೆ ಹೊತ್ತಾಗುತ್ತದಲ್ಲ ಅನ್ನುವುದೊಂದೇ ಚಿಂತೆ. ಚಡುಗುಡು ಆಡುವವಳಿಗೆ ಉಸಿರಿಗೇನು ಬರ? ಆರೊಂದಲ ಆರರಿಂದ ಹಿಡಿದು ಒಂದೇ ಉಸಿರಿನಲ್ಲಿ ಮಗ್ಗಿ ಹೇಳಿ, ಹೊಸ್ತಿಲು ಮುಟ್ಟಿ, ಮುಂದಿನ ಮನೆಗೆ ಹಾರುತ್ತಿದ್ದಳು. ಕೊನೆಯ ಮನೆ ಮೇಷ್ಟ್ರದು. ಅಲ್ಲಿ ಬೆಟ್ಟಸ್ವಾಮಿ ಪಡಸಾಲೆಯಲ್ಲಿ ಕಂಬದ ಹಾಗೆ ಕೂತಿರುತ್ತಿದ್ದ. ಇವಳು ಮಗ್ಗಿ ಮುಗಿಸಿದ ಮೇಲೆ ಅವನು ತಲೆ ಅಲ್ಲಾಡಿಸದೆ, ತುಟಿ ಮಾತ್ರ ತುಸು ಬಿಚ್ಚಿ, ದಿನಾ ಒಂದೇ ಮಾತು ಕೇಳುತ್ತಿದ್ದ. "ನೆನ್ನೆ ಚಿನ್ನಿ ಎಷ್ಟು ದೂರ ಹೋಯ್ತು?"

ಇದು ಒಳಗಿದ್ದ ಮಂಗಳಗೌರಿಯವರ ಕಿವಿಗೆ ಬಿತ್ತು. ಮೇಷ್ಟ್ರ ಹೆಂಡತಿ, ಹುಡುಗನ ಹೆತ್ತಮ್ಮ. ಗಂಡ ಊಟಕ್ಕೆ ಕೂತಾಗ ಮುದ್ದೆಯನ್ನು ತಟ್ಟೆಗೆ ದೊಪ್ಪನೆ ಹಾಕಿ ಅಂದರು, "ರೀ, ಮಗನಿಗೆ ಸ್ನಾನ ಮಾಡಿಸುವಾಗ ನೋಡಿದೆ. ಹತ್ತು ವರ್ಷದ ಗಂಡುಹುಡುಗ. ಮಂಡಿ ಮೇಲೆ ಒಂದು ಗಾಯದ ಕಲೆ ಇಲ್ಲ ಕಣ್ರೀ."

"ಒಳ್ಳೇದಾಯ್ತಲ್ಲ," ಅಂದರು ಮೇಷ್ಟ್ರು.

"ನನಗೆ ಅಳು ಬರ್ತದೆ," ಅಂತ ಆಯಮ್ಮ ಎದ್ದು ಹೋದರು. ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಆದರೂ ಅವತ್ತು ಮುದ್ದೆ ತಟ್ಟೆಯಲ್ಲೇ ಉಳಿಯಿತು.

ತನಿಖೆಯ ದಿನ ಬಂತು. ಇನ್‌ಸ್ಪೆಕ್ಟರು ಬೈಸಿಕಲ್ಲಿನ ಮೇಲೆ ಬಂದಿಳಿದರು. ಕೋಟು, ರುಮಾಲು, ಕಾಲಿಗೆ ಪಟ್ಟಿ. ಒಳಗೆ ಬಂದು ನೋಡಿದರೆ ಮಕ್ಕಳೆಲ್ಲ ಬೊಂಬೆಗಳ ಹಾಗೆ ಕೂತಿವೆ, ಪ್ರತಿ ತಲೆಯ ಮೇಲೂ ಸೊಪ್ಪು. ಅವರಿಗೆ ಒಂದು ಗಳಿಗೆ ಯಾವುದೋ ವ್ರತದ ನಡುವೆ ಬಂದೆನೇನೋ ಅನ್ನಿಸಿರಬೇಕು, ಬೂಟು ಬಿಚ್ಚಿಟ್ಟರು. ಕಿಟಕಿಯಲ್ಲಿ ಊರಿಗೆ ಊರೇ ಇಣುಕುತ್ತಿತ್ತು.

ಮುಂದಿನ ಸಾಲಿನ ಮಗುವಿಗೆ ಮೈಸೂರು ಯಾವ ದಿಕ್ಕಿಗಿದೆ ಅಂತ ಕೇಳಿದರು. ಅದು ಮಿಕಮಿಕ ನೋಡಿತು. ಹೊರಗಿನ ಜಗಲಿಯಿಂದ "ಮೂಡ್ಲಾಗದೆ!" ಅಂತ ಪುಟ್ಟಸಿದ್ದಿಯ ದನಿ ಬಂತು. ಇನ್‌ಸ್ಪೆಕ್ಟರು ಆ ಕಡೆ ತಿರುಗಿದರೆ, ಕಿಟಕಿಯಲ್ಲಿ ಚೆಲುವಮ್ಮ ಕೈಮುಗಿದು, "ಅದು ಅವಳ್ದಲ್ಲ ಬುದ್ದಿ, ನಮ್ಮ ಮಗಂದು. ಬಿದ್ದೋಗಿತ್ತು," ಅಂದಳು. ಇನ್‌ಸ್ಪೆಕ್ಟರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

ಕೊನೆಗೆ ಬೆಟ್ಟಸ್ವಾಮಿಯ ಸರದಿ. ಸಾಲಿಗ್ರಾಮದ ಗೋಣಿತಾಟು ಮೇಷ್ಟ್ರ ಕಣ್ಣ ಮುಂದೆ ಹಾಸಿಕೊಂಡು ಬಿತ್ತು.

"ಕೊಪ್ಪದ ಸಂತೆಗೆ ಆರು ಗಾಡಿ ಹೊರಟವು," ಅಂದರು ಇನ್‌ಸ್ಪೆಕ್ಟರು. "ಒಂದೊಂದರಲ್ಲಿ ಎಂಟು ಮೂಟೆ ರಾಗಿ. ದಾರಿಯಲ್ಲಿ ಒಂದು ಗಾಡಿ ಮಗುಚಿ ಐದು ಮೂಟೆ ಒಡೆದುಹೋದವು. ಉಳಿದದ್ದೆಷ್ಟು?"

ಹುಡುಗ ಕದಲಲಿಲ್ಲ. ಇನ್ನೊಂದು ಸಲ ಕೇಳಿದರು. ಹುಡುಗನ ಕಣ್ಣಲ್ಲಿ ನೀರು ತುಂಬಿ ಕೆನ್ನೆಯ ಮೇಲೆ ಇಳಿಯಿತು, ತುಟಿ ಮಾತ್ರ ಬಿಚ್ಚಲಿಲ್ಲ. ಇನ್‌ಸ್ಪೆಕ್ಟರು ನಿಟ್ಟುಸಿರು ಬಿಟ್ಟು, "ಮಂದಬುದ್ಧಿ, ಪಾಪ," ಅಂತ ಬೂಟು ಹಾಕಿಕೊಳ್ಳಲು ಹೊರಟರು.

ಮೇಷ್ಟ್ರು ಮಗನ ಮುಂದೆ ಕುಸಿದು ಕೂತರು. "ಯಾಕಪ್ಪಾ? ಯಾಕೆ ಹೇಳಲಿಲ್ಲ ನನ್ನ ದೊರೆ?"

ಹುಡುಗ ಹಲ್ಲು ಕಚ್ಚಿಕೊಂಡೇ ಪಿಸುಗುಟ್ಟಿದ, "ಗೊತ್ತು ಅಪ್ಪಾ. ಬಾಯಿ ಬಿಟ್ಟರೆ ಚೆಲ್ಲಿಹೋಗುತ್ತೆ. ನಿಮಗೆ ಬೇಕಲ್ಲ ಅಂತ ಎಲ್ಲಾ ಹಾಗೇ ಇಟ್ಟುಕೊಂಡಿದೀನಿ."

ಅಯ್ಯೋ, ಆ ಮಾತು ಕೇಳಿ ಮೇಷ್ಟ್ರಿಗೆ ಏನಾಯಿತು ಅಂತ ಹೇಗೆ ಹೇಳಲಿ? ಇಷ್ಟು ವರ್ಷ ಆ ಹೋರಿ ತನ್ನನ್ನು ಅಟ್ಟಿಸಿಕೊಂಡು ಬರುತ್ತಲೇ ಇತ್ತು, ಅದನ್ನು ತಪ್ಪಿಸಿಕೊಳ್ಳಲು ತಾನು ಈ ಎಳೆಮಗುವನ್ನು ಅಡ್ಡ ನಿಲ್ಲಿಸಿದೆ ಅನ್ನಿಸಿತು ಅವರಿಗೆ. ಕೈ ಹಾಕಿ ಮಗನ ತಲೆಯ ಸಿಂಬೆ ಕಿತ್ತು ಬಿಸಾಕಿದರು. "ಚೆಲ್ಲೋ! ಎಲ್ಲಾ ಚೆಲ್ಲು! ಓಡು!"

ಹುಡುಗ ಎದ್ದು ನಿಂತ. ಓಡಲಿಲ್ಲ. ಅಪ್ಪನ ಮುಖ ನೋಡಿ ಮೆಲ್ಲಗೆ ಕೇಳಿದ, "ಓಡೋದು ಹೇಗಪ್ಪಾ?"

ಅಷ್ಟರಲ್ಲಿ ಇನ್‌ಸ್ಪೆಕ್ಟರು ಬೈಸಿಕಲ್ ಹತ್ತಿಯಾಗಿತ್ತು. ಜಗಲಿಯಿಂದ ಪುಟ್ಟಸಿದ್ದಿ ನೆಗೆದು ಬಂದು ಹುಡುಗನ ರಟ್ಟೆ ಹಿಡಿದಳು. "ಅದೇನ್ಲಾ ಕಲಿಯಾದು, ಬೀಳಂಗಾದ್ರೆ ಇನ್ನೊಂದು ಕಾಲು ಮುಂದಿಕ್ಕು. ನೀನು ಬೈಸಿಕಲ್ಲ ಇಂದ್ಗಡೆಯಿಂದ ಅಟ್ಕಂಡು ಬಾ. ನಾನು ಮುಂದ್ಗಡೆ ತಡೀತೀನಿ!" ಅಂದವಳೇ ತನ್ನಪ್ಪನ ಹುರುಳಿ ಹೊಲಕ್ಕೆ ಬಿದ್ದು ಕೆರೆ ಏರಿಯ ಕಡೆ ಮಾಯವಾದಳು. ಗಾಡಿದಾರಿ ಕೆರೆಯನ್ನು ಬಳಸಿಕೊಂಡು ಸುತ್ತಿ ಹೋಗುತ್ತದೆ, ಏರಿ ಮೇಲೆ ಹೋದರೆ ನೇರ ಅನ್ನುವುದು ಅವಳಿಗೆ ಯೋಚನೆ ಮಾಡಿ ಹೊಳೆಯಬೇಕಾಗಿರಲಿಲ್ಲ.

ಬೆಟ್ಟಸ್ವಾಮಿ ಓಡಿದ. ಅದನ್ನು ಓಟ ಅನ್ನಬೇಕೋ ಏನನ್ನಬೇಕೋ, ಕೈ ಒಂದು ಕಡೆ, ಕಾಲು ಒಂದು ಕಡೆ. ಪಟೇಲರ ಕೊಟ್ಟಿಗೆ ಮುಂದೆ ಎಡವಿ ಬಿದ್ದ. ಎದ್ದ. ಮತ್ತೆ ಓಡಿದ. ಅವನ ಹಿಂದೆ ಒಂದೊಂದಾಗಿ ಸಿಂಬೆಗಳು ಹಾರಿದವು, ಎಲೆಗಳು ಉದುರಿದವು, ಇಸ್ಕೂಲಿಗೆ ಇಸ್ಕೂಲೇ ಕಿತ್ತುಕೊಂಡು ಓಡಿತು. ಓಡುತ್ತ ಓಡುತ್ತ ಒಂದೊಂದೇ ಬಾಯಿ ಬಿಚ್ಚಿತು. "ಭೂಮಿ ಗುಂಡಗದೆ ಸಾರ್!" "ಕಾವೇರಿ ಉಟ್ಟಾದು ತಲಕಾವೇರೀಲಿ!" ಹೋದ ವರ್ಷ ಕೇಳಿದ್ದಕ್ಕೆ ಈಗ ಉತ್ತರ, ಅದರ ಹಿಂದಿನ ವರ್ಷದ್ದಕ್ಕೆ ಈಗ ಉತ್ತರ. ಚೆಲುವಮ್ಮನ ಮಗ ಆರರ ಮಗ್ಗಿಯನ್ನು ಕೂಗಿಕೊಂಡು ಓಡುತ್ತಿದ್ದ, ಅವನ ಹಿಂದೆ ಚೆಲುವಮ್ಮ, "ಅಯ್ಯೋ ಇಲ್ಲೇ ಐತಲ್ಲೋ ಮಗನೇ!" ಅಂತ ಎದೆ ಬಡಿದುಕೊಂಡು ಓಡುತ್ತಿದ್ದಳು.

ಇನ್‌ಸ್ಪೆಕ್ಟರು ಹಿಂದೆ ತಿರುಗಿ ನೋಡಿದರು. ಊರಿಗೆ ಊರೇ ತನ್ನನ್ನು ಹೊಡೆಯಲು ಬರುತ್ತಿದೆ ಅಂದುಕೊಂಡು, ಇಷ್ಟದೇವರನ್ನು ನೆನೆದು, ಪೆಡಲು ತುಳಿದದ್ದೇ ತುಳಿದದ್ದು. ಕೆರೆಯ ಮೂಲೆ ತಿರುಗಿದರೆ ಎದುರಿಗೆ ದಾರಿಯ ನಡುವೆ ಕಾಲು ಅಗಲಿಸಿ, ಎರಡು ಕೈ ಚಾಚಿ, ಚಡುಗುಡಿನಲ್ಲಿ ನಿಲ್ಲುವ ಹಾಗೆ ಬಗ್ಗಿ ನಿಂತಿದ್ದಾಳೆ ಪುಟ್ಟಸಿದ್ದಿ. ಅವರು ಎಡಕ್ಕೆ ತಿರುಗಿಸಿದರೆ ಎಡಕ್ಕೆ ಬಂದಳು, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಬೈಸಿಕಲ್ಲು ಹೋಗಿ ಕಳ್ಳಿ ಬೇಲಿಗೆ ಒರಗಿ ನಿಂತಿತು.

ಬೆಟ್ಟಸ್ವಾಮಿ ಬಂದು ಹ್ಯಾಂಡಲ್ ಹಿಡಿದುಕೊಂಡ. ಎದೆ ತಿದಿಯ ಹಾಗೆ ಏರಿ ಇಳಿಯುತ್ತಿತ್ತು. "ನಲವತ್ತಮೂರು ಮೂಟೆ ಸಾರ್!"

ಇನ್‌ಸ್ಪೆಕ್ಟರಿಗೆ ನಂಬಿಕೆ ಬರಲಿಲ್ಲ, ಯಾರೋ ಹೇಳಿಕೊಟ್ಟಿರಬೇಕು. "ಹಾಗಾದರೆ ಅದರಲ್ಲಿ ಏಳು ಮೂಟೆಯನ್ನ ಇಲಿ ತಿಂದವು. ಉಳಿದದ್ದನ್ನ ನಾಲ್ಕು ಗಾಡಿಗೆ ಸಮನಾಗಿ ಹೇರು."

"ಒಂದಕ್ಕೆ ಒಂಬತ್ತು ಸಾರ್," ಅಂದ, ಉಸಿರು ಬಿಡುವಷ್ಟರಲ್ಲಿ.

"ಸರಿಯಾಗಿದೆಯಲ್ಲೋ! ಮತ್ತೆ ಅಲ್ಲೇ ಯಾಕೆ ಹೇಳಲಿಲ್ಲ?"

ಹುಡುಗ ಹುಬ್ಬೇರಿಸಿದ. ಇಷ್ಟು ಓದಿದವರಿಗೆ ಇದೂ ತಿಳಿಯುವುದಿಲ್ಲವೇ ಅನ್ನುವ ಹಾಗೆ ನೋಡಿದ. "ಅಲ್ಲಿ ಕೂತಿದ್ದೆ ಸಾರ್," ಅಂದ.

ಇನ್‌ಸ್ಪೆಕ್ಟರು ರುಮಾಲು ಸರಿಮಾಡಿಕೊಂಡು ಒಂದು ಸಲ ಹುಡುಗನನ್ನು, ಒಂದು ಸಲ ಹುಡುಗಿಯನ್ನು ನೋಡಿದರು. ಇಬ್ಬರೂ ಮಿಡ್ಲ್ ಸ್ಕೂಲಿಗೆ ತಯಾರಾಗಲಿ ಅಂತ ಹೇಳಿದರು. ಆ ಊರಿಗೆ ಬುದ್ಧಿ ಬಂತು ಅಂದುಕೊಳ್ಳಬೇಡಿ ಮತ್ತೆ. ಮಾರನೆಯ ದಿನವೇ ಪಟೇಲರು ತಮ್ಮ ದಡ್ಡ ಅಳಿಯನನ್ನು ದಿನಾ ಸಂಜೆ ಕೆರೆ ಸುತ್ತ ಓಡಿಸಲು ಶುರುಮಾಡಿದರು. ಅಳಿಯ ತೆಳ್ಳಗಾದ, ಅಷ್ಟೇ.

ಎಲ್ಲರಿಗಿಂತ ಹಿಂದೆ ಬಂದವರು ಮೇಷ್ಟ್ರು. ಹೋರಿಯ ಕಾಲದಿಂದ ಓಡದ ಕಾಲು, ಆ ಭಾರೀ ದೇಹ, ಕಚ್ಚೆ ಸಡಿಲಾಗಿ ಒಂದು ಕೈಯಲ್ಲಿ ಹಿಡಿದುಕೊಂಡಿದ್ದರು. ಬರುವಷ್ಟರಲ್ಲಿ ಇನ್‌ಸ್ಪೆಕ್ಟರು ಹೊರಟಾಗಿತ್ತು. ಏನಾಯಿತು ಅಂತ ಕೇಳಬೇಕು ಅಂತಲೇ ಓಡಿಬಂದಿದ್ದರು, ಆದರೆ ಕಣ್ಣು ಮಗನ ಮಂಡಿಯ ಮೇಲೆ ಬಿತ್ತು. ಚರ್ಮ ಸುಲಿದು, ಮಣ್ಣು ಮೆತ್ತಿ, ರಕ್ತ ಪಾದದವರೆಗೆ ಇಳಿದಿತ್ತು. ಹುಡುಗ ನಗುತ್ತಿದ್ದ. ಮೇಷ್ಟ್ರು ಅಲ್ಲೇ ಧೂಳಿನಲ್ಲಿ ಕೂತು, ಪಂಚೆಯ ಚುಂಗಿನಿಂದ ಆ ಮಂಡಿ ಒರೆಸಿದರು. ಅವರಿಗೆ ಅಳು ಬಂತು, ತಡೆಯಲಿಲ್ಲ.

"ಅಪ್ಪಾ, ವಾಪಸ್ಸೂ ಓಡಿಕೊಂಡೇ ಹೋಗಲಾ?" ಅಂತ ಕೇಳಿದ ಮಗ.

ಹೂಂ ಅನ್ನಲು ಮೇಷ್ಟ್ರಿಗೆ ಉಸಿರಿರಲಿಲ್ಲ. ತಲೆ ಆಡಿಸಿದರು, ತಮ್ಮ ತಲೆಯ ರುಮಾಲು ಬಿಚ್ಚಿ ಹೆಗಲ ಮೇಲೆ ಬೀಳುವವರೆಗೂ ಆಡಿಸಿದರು.